ಮೂವತ್ತನಾಲ್ಕನೇ ಪುಟದ ನಾಲ್ಕು ಬೋಲ್ಟುಗಳು

ಭಾನುವಾರ ಬೆಳಿಗ್ಗೆ ಹತ್ತೂಕಾಲಿಗೆ ನಮ್ಮ ಮನೆಯ ಹೊಸ ವಾಷಿಂಗ್ ಮಷಿನ್ ಎದ್ದು ನಡೆಯಿತು. ಉತ್ಪ್ರೇಕ್ಷೆಯಲ್ಲ. ಸ್ಪಿನ್ ಶುರುವಾದದ್ದೇ ತಡ, ಧಡಧಡನೆ ಮೈ ಅದುರಿಸಿಕೊಂಡು, ನೀರಿನ ಪೈಪನ್ನು ಬಾಲದಂತೆ ಎಳೆದುಕೊಂಡು, ಯುಟಿಲಿಟಿಯ ಮೂಲೆಯಿಂದ ಹೊರಟು ಅಡುಗೆಮನೆಯ ಹೊಸ್ತಿಲವರೆಗೆ ಬಂತು. ಅತ್ತೆಯವರು ಒಲೆ ಆರಿಸಿ ದೇವರಕೋಣೆ ಸೇರಿಕೊಂಡರು. ಕೆಳಗಿನ ಮನೆಯವರು ಮೇಲೆ ಬಂದು "ಗೋಡೆ ಒಡೆಸುತ್ತಿದ್ದೀರಾ?" ಎಂದು ವಿಚಾರಿಸಿದರು.

ಕೈಪಿಡಿ ಓದಬಾರದಿತ್ತೇ ಎಂದು ನೀವು ಕೇಳುವ ಮೊದಲೇ ಹೇಳಿಬಿಡುತ್ತೇನೆ: ಓದಿದ್ದೆ. ಹತ್ತೊಂಬತ್ತನೇ ಪುಟದವರೆಗೆ ಓದಿದ್ದೆ. ಅಷ್ಟು ಓದಿದ್ದರಿಂದ ನನಗೆ ತಿಳಿದುಬಂದದ್ದು ಇಷ್ಟು: ಮಗುವನ್ನು ಡ್ರಮ್ಮಿನೊಳಗೆ ಬಿಡಬಾರದು. ಪೆಟ್ರೋಲಿನಲ್ಲಿ ನೆನೆದ ಬಟ್ಟೆ ಹಾಕಬಾರದು. ಮಷಿನ್ ಮೇಲೆ ಹತ್ತಬಾರದು, ಅದರ ಬಾಗಿಲಿಗೆ ಜೋತುಬೀಳಬಾರದು. ಒದ್ದೆ ಕೈಯಲ್ಲಿ ಪ್ಲಗ್ ಮುಟ್ಟಬಾರದು. ಐವತ್ತೆರಡು ವರ್ಷದ ನನಗೆ ವಾಷಿಂಗ್ ಮಷಿನ್ನಿನ ಬಾಗಿಲಿಗೆ ಜೋತುಬೀಳುವ ಆಸೆ ಅದುವರೆಗೆ ಬಂದಿರಲಿಲ್ಲ. ಓದಿದ ಮೇಲೆ ಸಣ್ಣಗೆ ಬಂತು.

ನಾನು ತಲುಪದೇ ಹೋದ ಮೂವತ್ತನಾಲ್ಕನೇ ಪುಟದಲ್ಲಿ, ‘ಇತರ ಮಾಹಿತಿ’ ಎಂಬ ತಲೆಬರಹದ ಕೆಳಗೆ, ಇರುವೆ ಸಾಲಿನಂಥ ಅಕ್ಷರಗಳಲ್ಲಿ ಒಂದು ವಾಕ್ಯವಿತ್ತು. ಮೊದಲ ಬಾರಿ ಬಳಸುವ ಮುನ್ನ ಹಿಂಬದಿಯ ನಾಲ್ಕು ಟ್ರಾನ್ಸಿಟ್ ಬೋಲ್ಟುಗಳನ್ನು ಬಿಚ್ಚತಕ್ಕದ್ದು. ಮುಂಬಾಗಿಲಿನ ಮಷಿನ್ನುಗಳಲ್ಲಿ ಡ್ರಮ್ಮು ಸ್ಪ್ರಿಂಗಿಗೆ ತೂಗುಬಿದ್ದಿರುತ್ತದೆ. ಲಾರಿಯ ಕುಲುಕಾಟಕ್ಕೆ ಅದು ಓಲಾಡದಿರಲೆಂದು ಕಾರ್ಖಾನೆಯಲ್ಲಿ ಬೋಲ್ಟು ಹಾಕಿ ಮೈಗೆ ಬಿಗಿದು ಕಳಿಸುತ್ತಾರೆ. ಅದನ್ನು ಬಿಚ್ಚದೆ ನಿಮಿಷಕ್ಕೆ 1200 ಸುತ್ತು ತಿರುಗಿಸಿದರೆ ಡ್ರಮ್ಮಿನ ನಡುಕವೆಲ್ಲ ಇಡೀ ಪೆಟ್ಟಿಗೆಗೆ ಬರುತ್ತದೆ, ಪೆಟ್ಟಿಗೆ ಹೊಸ್ತಿಲಿಗೆ ಬರುತ್ತದೆ. ಎಲ್ಲಕ್ಕಿಂತ ಮೊದಲು ಮಾಡಬೇಕಾದ ಕೆಲಸ ಮೂವತ್ತನಾಲ್ಕನೇ ಪುಟದಲ್ಲಿ.

ಸತ್ಯನಾರಾಯಣ ಪೂಜೆಯ ಕಥೆ ಕೇಳಿದವರಿಗೆ ಈ ಶೈಲಿ ಹೊಸದಲ್ಲ. ಹರಕೆ ಮರೆತ ಸಾಧು ವೈಶ್ಯನಿಗೆ ಏನಾಯಿತು, ಪ್ರಸಾದ ಬಿಟ್ಟು ಓಡಿದ ಕಲಾವತಿಯ ಗಂಡನ ನೌಕೆ ಏನಾಯಿತು ಎಂದು ಅಧ್ಯಾಯ ಅಧ್ಯಾಯವಾಗಿ ಹೇಳುತ್ತಾರೆ. ಅವರೆಲ್ಲ ಕೇಳದೇ ಹೋದ ಆ ಕಥೆ ಯಾವುದು ಎಂದು ಮಾತ್ರ ಕೊನೆಯವರೆಗೂ ತಿಳಿಯುವುದಿಲ್ಲ. ಆದರೆ ಅಲ್ಲಿ ಕಡೆಗೆ ಸಪಾದ ಭಕ್ಷ್ಯವಾದರೂ ಸಿಗುತ್ತದೆ.

ಚಿತ್ರಗಳಿದ್ದವಲ್ಲ ಎನ್ನಬಹುದು. ಇದ್ದವು. ಪ್ರತಿ ಚಿತ್ರದ ಕೆಳಗೂ ‘ಚಿತ್ರವು ಸೂಚಕ ಮಾತ್ರ, ನಿಮ್ಮ ಮಾದರಿ ಭಿನ್ನವಾಗಿರಬಹುದು’ ಎಂಬ ಒಕ್ಕಣೆಯೂ ಇತ್ತು. ನಾವು ಪತ್ರಿಕೆಯವರು ಇದನ್ನೇ ‘ಸಾಂದರ್ಭಿಕ ಚಿತ್ರ’ ಎನ್ನುತ್ತೇವೆ. ಮಲೆನಾಡಿನ ಮಳೆಯ ಸುದ್ದಿಗೆ ಎಲ್ಲಿಯದೋ ಕೊಡೆಯ ಚಿತ್ರ ಹಾಕಿದರೆ ಯಾರಿಗೂ ನಷ್ಟವಿಲ್ಲ. ನೀರಿನ ಪೈಪು ಎಡಕ್ಕೋ ಬಲಕ್ಕೋ ಎಂದು ನೆಲದ ಮೇಲೆ ಮಂಡಿಯೂರಿ ನೋಡುತ್ತಿರುವವನಿಗೆ ಸಾಂದರ್ಭಿಕ ಚಿತ್ರ ತೋರಿಸಬಾರದು. ನನ್ನ ಕೈಪಿಡಿ ಆರು ಮಾದರಿಗಳಿಗೆ ಒಟ್ಟಾಗಿ ಬರೆದದ್ದು. ಅದರಲ್ಲಿದ್ದ ಗುಂಡಿ ನನ್ನ ಮಷಿನ್ನಿನಲ್ಲಿ ಇರಲಿಲ್ಲ, ಇದರಲ್ಲಿದ್ದ ಗುಂಡಿ ಅದರಲ್ಲಿರಲಿಲ್ಲ. ಜಾತಕ ಕೂಡದ ಸಂಬಂಧ.

ಇನ್ನು ಭಾಷೆ. ಕೊನೆಯಲ್ಲಿ ಕನ್ನಡದ ನಾಲ್ಕು ಪುಟಗಳೂ ಇದ್ದವು ಎಂಬುದನ್ನು ಅಭಿಮಾನದಿಂದ ತಿಳಿಸುತ್ತೇನೆ. ‘ಪರದೆಯನ್ನು ನಲ್ಲಿ ಮಾಡಿ’ ಎಂದು ಅಲ್ಲಿ ಬರೆದಿತ್ತು. ಅರ್ಧ ಗಂಟೆ ಯೋಚಿಸಿದ ಮೇಲೆ ಹೊಳೆಯಿತು: ಇಂಗ್ಲಿಷಿನಲ್ಲಿ ಟ್ಯಾಪ್ ಎಂದರೆ ನಲ್ಲಿಯೂ ಹೌದು, ಬೆರಳಿನಿಂದ ತಟ್ಟುವುದೂ ಹೌದು. ‘ಶಿಶು ಬೀಗವನ್ನು ಸಕ್ರಿಯಗೊಳಿಸಿ.’ ಬೀಗ ಇನ್ನೂ ಶಿಶುವಂತೆ, ದೊಡ್ಡದಾದ ಮೇಲೆ ನೋಡೋಣ. ‘ಮೊದಲ ಸಲ ಖಾಲಿಯಾಗಿ ಓಡಿ’ ಎಂಬ ಸೂಚನೆಯನ್ನು ಮಷಿನ್ ನನಗಿಂತ ಮೊದಲೇ ಓದಿಕೊಂಡಿತ್ತು ಎಂದು ತೋರುತ್ತದೆ. ಈ ಅನುವಾದವನ್ನು ಕನ್ನಡ ಬಲ್ಲ ಒಬ್ಬನೇ ಒಬ್ಬ ಮನುಷ್ಯ ಅಚ್ಚಿಗೆ ಮುನ್ನ ನೋಡಿದ್ದರೂ ಸಾಕಿತ್ತು. ಮಷಿನ್ ಬೆಲೆ ಮೂವತ್ತಾರು ಸಾವಿರ, ಆ ಮನುಷ್ಯನಿಗೆ ಒಂದು ಮಧ್ಯಾಹ್ನದ ಕೂಲಿ ಎಷ್ಟಾಗುತ್ತಿತ್ತು?

ಕಾನೂನು ಇಲ್ಲವೆಂದಲ್ಲ. ಪೊಟ್ಟಣ ಕಟ್ಟಿದ ಸರಕುಗಳ 2011ರ ನಿಯಮದ ಪ್ರಕಾರ ಪೊಟ್ಟಣದ ಮೇಲಿನ ವಿವರ ದೇವನಾಗರಿಯ ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಇದ್ದರೆ ಮುಗಿಯಿತು, ಉಳಿದ ಭಾಷೆಗಳು ಅವರವರ ಇಷ್ಟ. ನಮ್ಮ ರಾಜ್ಯದ 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮ ಇಲ್ಲಿ ತಯಾರಾಗುವ ಸರಕಿನ ಹೆಸರು, ಬಳಕೆಯ ಸೂಚನೆ ಕನ್ನಡದಲ್ಲೂ ಇರಬೇಕೆನ್ನುತ್ತದೆ. ಕನ್ನಡ ಇರಬೇಕು ಎಂದಷ್ಟೇ. ಅರ್ಥವಾಗಬೇಕು ಎಂದು ಹೇಳುವ ಕಾಯ್ದೆಯನ್ನು ಯಾವ ಸದನವೂ ಇನ್ನೂ ಮಂಡಿಸಿಲ್ಲ.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೂ ಒಂದು ಹೆಜ್ಜೆ ಮುಂದೆ. ಅಪಾಯ ತಪ್ಪಿಸಲು ಸರಿಯಾದ ಬಳಕೆಯ ಸಾಕಷ್ಟು ಸೂಚನೆ ಕೊಡದೇ ಹೋದರೆ, ತಪ್ಪು ಬಳಕೆಯ ಬಗ್ಗೆ ಎಚ್ಚರಿಸದೇ ಹೋದರೆ ಆಗುವ ಹಾನಿಗೆ ತಯಾರಕನೇ ಹೊಣೆ ಎಂದು ಅದರಲ್ಲಿ ಬರೆದಿದೆ. ಕಂಪನಿಗಳ ವಕೀಲರು ಇದನ್ನು ನಮಗಿಂತ ಚೆನ್ನಾಗಿ ಓದಿದ್ದಾರೆ. ‘ಸಾಕಷ್ಟು’ ಎಂದರೆ ಬಹಳಷ್ಟು ಎಂದು ಅರ್ಥ ಮಾಡಿಕೊಂಡಿದ್ದಾರೆ. ಅದಕ್ಕೇ ಹನ್ನೊಂದು ಪುಟ ಎಚ್ಚರಿಕೆ. ಕೈಪಿಡಿ ಇರುವುದು ನಾವು ಬಟ್ಟೆ ಒಗೆಯಲು ಎಂದು ನಾವು ತಿಳಿದಿದ್ದೇವೆ. ಅದು ಇರುವುದು ನಾಳೆ ಗ್ರಾಹಕರ ಆಯೋಗದಲ್ಲಿ ‘ಸ್ವಾಮಿ, ಮೂವತ್ತನಾಲ್ಕನೇ ಪುಟದಲ್ಲಿ ಹೇಳಿದ್ದೆವಲ್ಲ’ ಎಂದು ತೋರಿಸಲು. ಕೈಪಿಡಿಯ ನಿಜವಾದ ಓದುಗ ನ್ಯಾಯಾಧೀಶ. ನಾನು ನಡುವೆ ಸಿಕ್ಕಿಕೊಂಡ ದಾರಿಹೋಕ.

ಹೇಗೆ ಬರೆಯಬೇಕೆಂದು ಜಗತ್ತಿಗೆ ಗೊತ್ತಿಲ್ಲವೆಂದಲ್ಲ. ಬಳಕೆಯ ಸೂಚನೆ ಬರೆಯುವುದಕ್ಕೆಂದೇ ಐಇಸಿ 82079 ಎಂಬ ಅಂತರರಾಷ್ಟ್ರೀಯ ಮಾನದಂಡವಿದೆ. 2012ರಲ್ಲಿ ಬಂದು 2019ರಲ್ಲಿ ಪರಿಷ್ಕಾರವೂ ಆಯಿತು. ಬಳಸುವವರು ಯಾರೆಂದು ಮೊದಲು ತಿಳಿದುಕೊಂಡು ಬರೆಯಿರಿ ಎಂಬುದು ಅದರ ಸಾರಾಂಶದ ಒಂದು ಭಾಗ. 2022ರ ಜೂನಿನಲ್ಲಿ ಬೆಂಗಳೂರಿನ ನಾಗಸಂದ್ರಕ್ಕೆ ಬಂದ ಪೀಠೋಪಕರಣದ ಕಂಪನಿ ಐಕಿಯಾದವರು ಒಂದಕ್ಷರ ಬರೆಯದೆ ಬರೀ ಗೆರೆಚಿತ್ರಗಳಲ್ಲಿ ಕಪಾಟು ಜೋಡಿಸಲು ಕಲಿಸುತ್ತಾರೆ. ತಲೆ ಕೆರೆದುಕೊಳ್ಳುವವನು ಅಂಗಡಿಗೆ ಫೋನ್ ಮಾಡುವ ಚಿತ್ರ ಮೊದಲ ಪುಟದಲ್ಲೇ ಇರುತ್ತದೆ. ನಮ್ಮ ಕಡೆಯವರಾದರೋ ಆ ಪುಸ್ತಕವನ್ನು ಮಗುವಿಗೆ ಬಣ್ಣ ತುಂಬಲು ಕೊಟ್ಟು, ಬಡಗಿಯನ್ನು ಕರೆಸುತ್ತಾರೆ. ಅದು ಬೇರೆ ವಿಚಾರ.

ಈಗೀಗ ಈ ಮೂವತ್ತನಾಲ್ಕನೇ ಪುಟವೂ ಇಲ್ಲ. ಪೆಟ್ಟಿಗೆಯಲ್ಲಿ ಅಂಗೈಯಗಲದ ಒಂದು ಕಾರ್ಡು, ಅದರ ಮೇಲೊಂದು ಕ್ಯೂಆರ್ ಕೋಡ್. ಪರಿಸರ ಉಳಿಸಲು ಕಾಗದ ಬಿಟ್ಟರಂತೆ. ಆ ಕಾರ್ಡನ್ನು ಸುತ್ತಿಕೊಂಡಿದ್ದ ಥರ್ಮಾಕೋಲು ನಮ್ಮ ಅಟ್ಟ ತುಂಬಿದೆ. ಮನೆಗೆ ಇಂಟರ್ನೆಟ್ ತರುವ ಪೆಟ್ಟಿಗೆಯನ್ನು ಜೋಡಿಸುವ ವಿಧಾನ ಇಂಟರ್ನೆಟ್ಟಿನಲ್ಲಿದೆ ಎಂದು ಅದೇ ಪೆಟ್ಟಿಗೆಯ ಮೇಲೆ ಬರೆದದ್ದನ್ನು ಕಂಡಾಗ ನಾನು ನಗಲಿಲ್ಲ. ಪಕ್ಕದ ಮನೆಯ ವೈಫೈ ಪಾಸ್‌ವರ್ಡ್ ಕೇಳಲು ಹೋದೆ.

ಇಷ್ಟರವರೆಗೆ ತಮಾಷೆ. ಹಾಸನದಲ್ಲಿರುವ ನಮ್ಮ ದೊಡ್ಡಮ್ಮನಿಗೆ ಎಪ್ಪತ್ತಾರು ವರ್ಷ, ಇಪ್ಪತ್ತು ವರ್ಷದಿಂದ ಸಕ್ಕರೆ ಕಾಯಿಲೆ. ಮೆಲ್ಬರ್ನಿನಲ್ಲಿರುವ ಮಗ ಬರುವಾಗ ಸಕ್ಕರೆ ನೋಡುವ ಒಳ್ಳೆಯ ಮೀಟರ್ ತಂದುಕೊಟ್ಟ. ಅವನು ಹೋದ ವಾರಕ್ಕೆ ದೊಡ್ಡಮ್ಮ ಬೆರಳು ಚುಚ್ಚಿ ನೋಡಿದರೆ 9.8 ಎಂದು ಬಂತು. ನೂರಾ ಎಪ್ಪತ್ತು, ನೂರಾ ಎಂಬತ್ತು ನೋಡಿ ಅಭ್ಯಾಸವಾದವರು. ಸಕ್ಕರೆ ಪೂರ್ತಿ ಇಳಿದುಹೋಯಿತೆಂದು ಹೆದರಿ ಬೆಲ್ಲ ತಿಂದರು. ಇಳಿಯಲಿಲ್ಲವಲ್ಲ, ಅಂದರೆ ಏರಲಿಲ್ಲವಲ್ಲ ಎಂದು ಇನ್ನೊಂದು ಅಚ್ಚು ತಿಂದರು. ಆಸ್ಟ್ರೇಲಿಯಾದಲ್ಲಿ ಲೆಕ್ಕ ಮಿಲಿಮೋಲ್‌ನಲ್ಲಿ, ನಮ್ಮಲ್ಲಿ ಮಿಲಿಗ್ರಾಂನಲ್ಲಿ. ಅಲ್ಲಿಯ ಅಂಕಿಯನ್ನು ಹದಿನೆಂಟರಿಂದ ಗುಣಿಸಿದರೆ ಇಲ್ಲಿಯದು. ಅವರ 9.8 ಎಂದರೆ ನಮ್ಮ 176. ಈ ಮಾತು ಆ ಮೀಟರಿನ ಜೊತೆ ಬಂದ, ಹದಿನಾರು ಮಡಿಕೆಯ ಕಾಗದದ ಒಂದು ಮೂಲೆಯಲ್ಲಿತ್ತು. ನಾನು ಭೂತಗನ್ನಡಿ ಹಿಡಿದು ಹುಡುಕಿ ತೆಗೆದೆ. ದೊಡ್ಡಮ್ಮ ಪುಣ್ಯಕ್ಕೆ ಚೆನ್ನಾಗಿದ್ದಾರೆ. ಚೆನ್ನಾಗಿರದೇ ಇದ್ದಿದ್ದರೆ ಆ ಮೂಲೆಯನ್ನು ತೋರಿಸಿ ಯಾರೋ ಕೈತೊಳೆದುಕೊಳ್ಳುತ್ತಿದ್ದರು. ಕಣ್ಣು ಮಂಜಾದವರು ಬಳಸುವ ಯಂತ್ರಕ್ಕೆ ಕಣ್ಣು ಚುರುಕಾಗಿರುವವರೂ ಓದಲಾಗದ ಅಕ್ಷರ ಹಾಕುವವರ ಬಗ್ಗೆ ಹಾಸ್ಯ ಮಾಡುವ ಉಮೇದು ನನಗಿಲ್ಲ. ಅದು ಸೋಮಾರಿತನ ಕೂಡ ಅಲ್ಲ. ಲೆಕ್ಕ ಹಾಕಿಯೇ ಮಾಡಿದ ಕೆಲಸ.

ಮಷಿನ್ನಿನ ಕಥೆಗೆ ಬರುತ್ತೇನೆ. ನಲವತ್ತೆಂಟು ಗಂಟೆಯಲ್ಲಿ ಬರುತ್ತಾನೆಂದು ಹೇಳಿದ್ದ ‘ಡೆಮೊ’ ಹುಡುಗ ಐದನೆಯ ದಿನ ಬಂದ. ನಮ್ಮ ದೇಶದಲ್ಲಿ ನಿಜವಾದ ಕೈಪಿಡಿ ಎಂದರೆ ಇವನೇ. ಎರಡು ಕಾಲಿನದು, ಬೈಕಿನ ಮೇಲೆ ಬರುತ್ತದೆ. ಮಷಿನ್ನಿನ ಹಿಂದಕ್ಕೆ ಬಗ್ಗಿ ನೋಡಿದವನೇ, "ಬೋಲ್ಟ್ ಬಿಚ್ಚದೆ ಓಡಿಸಿದ್ದೀರಲ್ಲ ಸಾರ್, ವಾರಂಟಿ ಹೋಗುತ್ತದೆ" ಎಂದ. ಸ್ಪ್ಯಾನರ್ ತೆಗೆದು ನಾಲ್ಕೂ ಬಿಚ್ಚಿದ, ತೂತುಗಳಿಗೆ ಪ್ಲಾಸ್ಟಿಕ್ ಮುಚ್ಚಳ ಒತ್ತಿದ. ಒಟ್ಟು ಆರು ನಿಮಿಷ.

"ನೀವು ಈ ಪುಸ್ತಕ ಓದಿದ್ದೀರಾ?" ಎಂದು ಕೇಳಿದೆ.

"ಅದನ್ನು ಯಾರು ಓದುತ್ತಾರೆ ಸಾರ್?" ಎಂದು ನಕ್ಕ. "ನನಗೆ ನಮ್ಮ ಸೀನಿಯರ್ ಹೇಳಿಕೊಟ್ಟದ್ದು."

ಅವನು ಹೇಳುತ್ತ ಹೋದದ್ದನ್ನು ನನ್ನ ಹೆಂಡತಿ ಕಳೆದ ತಿಂಗಳ ಕ್ಯಾಲೆಂಡರ್ ಹಾಳೆಯ ಹಿಂಬದಿಯಲ್ಲಿ ದಪ್ಪ ಸ್ಕೆಚ್ ಪೆನ್ನಿನಲ್ಲಿ ಬರೆದುಕೊಂಡಳು. ಆ ಹಾಳೆ ಈಗ ಮಷಿನ್ನಿನ ಮೇಲಿನ ಗೋಡೆಯಲ್ಲಿದೆ. ಮನೆಗೆಲಸದ ಭಾಗ್ಯಮ್ಮನೂ ಅದನ್ನು ನೋಡಿಕೊಂಡು ಬಟ್ಟೆ ಹಾಕುತ್ತಾರೆ. ‘ಮೊದಲು ನಲ್ಲಿ ತಿರುಗಿಸುವುದು. ಪುಡಿ ಎರಡು ಗೀಟು ಇರುವ ಡಬ್ಬಿಗೆ, ಹೂವಿನ ಗುರುತಿನದಕ್ಕೆ ಅಲ್ಲ. ರೇಷ್ಮೆ ಹಾಕಬಾರದು. ಬಾಗಿಲು ‘ಟಕ್’ ಎನ್ನಬೇಕು. ಮುಗಿದ ಮೇಲೆ ಎರಡು ನಿಮಿಷ ಬಾಗಿಲು ತೆರೆಯುವುದಿಲ್ಲ, ಎಳೆಯಬಾರದು. ಬೋಲ್ಟ್ ನಾಲ್ಕು ಹೊಲಿಗೆ ಡಬ್ಬಿಯಲ್ಲಿವೆ, ಮನೆ ಬದಲಿಸುವಾಗ ಬೇಕು.’

ಎಚ್ಚರಿಕೆ ಎಂದು ಕೆಂಪು ಬಣ್ಣದಲ್ಲಿ ಅಡಿಗೆರೆ ಎಳೆದು ಬರೆದದ್ದು ಕೊನೆಯ ಸಾಲೊಂದನ್ನೇ: ‘ಇವರು ಮುಟ್ಟಬಾರದು.’