ಉಚ್ಚಾಟನೆಯಲ್ಲ, ಆಣೆ

ಎಕ್ಸಾರ್ಸಿಸಂ ಎಂಬ ಪದ ಬಂದರೆ ಸಾಕು, ಹಿಂದೆಮುಂದೆ ನೋಡದೆ 'ಭೂತೋಚ್ಚಾಟನೆ' ಎಂದು ಬರೆದುಬಿಡುತ್ತೇವೆ. ನಾನೂ ಎಷ್ಟೋ ಸಲ ಬರೆದಿದ್ದೇನೆ. ಮೊನ್ನೆ ಒಂದು ಅನುವಾದಕ್ಕೆ ಕೂತು ಬೇರು ಹುಡುಕಿದಾಗ ಗೊತ್ತಾಯಿತು, ಆ ಪದದಲ್ಲಿ ಭೂತವೂ ಇಲ್ಲ, ಓಡಿಸುವುದೂ ಇಲ್ಲ. ಇರುವುದು ಆಣೆ.

ಗ್ರೀಕಿನಲ್ಲಿ ಹೋರ್ಕೋಸ್ ಅಂದರೆ ಆಣೆ. ಎಕ್ಸೋರ್ಕಿಜೇನ್ ಅಂದರೆ ಒಬ್ಬರಿಗೆ ಆಣೆಯಿಟ್ಟು ಕಟ್ಟಿಹಾಕುವುದು. ಬೈಬಲಿನ ಮತ್ತಾಯನ ಸುವಾರ್ತೆಯಲ್ಲಿ ಯೆಹೂದ್ಯರ ಮಹಾಯಾಜಕ ಯೇಸುವನ್ನು ಎದುರಿಗೆ ನಿಲ್ಲಿಸಿಕೊಂಡು, ದೇವರಾಣೆ, ನೀನು ಕ್ರಿಸ್ತನೋ ಹೇಳು ಅನ್ನುವಾಗ ಮೂಲದಲ್ಲಿರುವುದು ಇದೇ ಕ್ರಿಯಾಪದ. ಅಲ್ಲಿ ದೆವ್ವದ ಸುಳಿವೇ ಇಲ್ಲ, ನಡೆಯುತ್ತಿರುವುದು ವಿಚಾರಣೆ. ಯೇಸು ದೆವ್ವ ಬಿಡಿಸುವ ಕಡೆ ಬರುವ ಪದವೇ ಬೇರೆ: ಎಕ್ಬಲ್ಲೇನ್, ಹೊರಗೆ ಹಾಕು. ಇನ್ನೂ ಸೋಜಿಗವೆಂದರೆ, ಮಾರ್ಕನ ಸುವಾರ್ತೆಯ ಐದನೇ ಅಧ್ಯಾಯದಲ್ಲಿ ದೆವ್ವವೇ ಯೇಸುವಿಗೆ ದೇವರಾಣೆ ಹಾಕಿ, ನನ್ನನ್ನು ಕಾಡಬೇಡ ಎಂದು ಗೋಗರೆಯುತ್ತದೆ!

ನನ್ನನ್ನು ತುಂಬ ಹಿಡಿದು ನಿಲ್ಲಿಸಿದ್ದು ಉಪ್ಪು. ಹಳೆಯ ಕ್ಯಾಥೊಲಿಕ್ ವಿಧಿಯಲ್ಲಿ ತೀರ್ಥ ಸಿದ್ಧಮಾಡುವಾಗ ಪಾದ್ರಿ ಅದಕ್ಕೆ ಬೆರೆಸುವ ಉಪ್ಪನ್ನೇ ಉದ್ದೇಶಿಸಿ ಲ್ಯಾಟಿನ್ನಿನಲ್ಲಿ 'ಎಕ್ಸೋರ್ಚೀಜೋ ತೇ, ಕ್ರೆಯಾತೂರಾ ಸಾಲಿಸ್' ಅನ್ನುತ್ತಾನೆ. ಎಲೈ ಉಪ್ಪೇ, ನಿನಗೆ ಆಣೆ, ನಂಬಿದವರ ಕ್ಷೇಮಕ್ಕೆ ಒದಗು ಅನ್ನುವ ಧಾಟಿ ಅದು. ಮಾತು ಕೇಳುವ ಜೀವ ಎದುರಿಗಿದೆ ಎಂಬಂತೆ.

ನಮ್ಮ 'ಉಚ್ಚಾಟನೆ' ಬೇರೆ ಮನೆತನದ್ದು. ತಂತ್ರದ ಷಟ್ಕರ್ಮಗಳಲ್ಲಿ, ಅಂದರೆ ಆರು ಮಾಂತ್ರಿಕ ಕ್ರಿಯೆಗಳಲ್ಲಿ ಒಂದು, ಇದ್ದ ಜಾಗದಿಂದ ಎಬ್ಬಿಸಿ ಅಟ್ಟುವುದು. ಶಾಸಕರನ್ನು ಪಕ್ಷದಿಂದ ಉಚ್ಚಾಟಿಸಿದರು ಎಂದು ಪತ್ರಿಕೆಗಳು ಬರೆಯುವುದೂ ಇದೇ ಅರ್ಥದಲ್ಲಿ.

ಒಂದು ಪದಕ್ಕೆ ಇಷ್ಟೇಕೆ ಜಗ್ಗಾಟ ಅನ್ನಬಹುದು. ಉಚ್ಚಾಟನೆ ಎಂದಾಗ ಕಣ್ಣ ಮುಂದೆ ಬರುವುದು ಭೂತ ಮಾತ್ರ. ಆಣೆ ಎಂದರೆ ಅದನ್ನು ಕೇಳಿಸಿಕೊಳ್ಳಲು ಒಂದು ಕಿವಿ ಬೇಕು, ಉಪ್ಪಿಗಿಟ್ಟರೂ ದೆವ್ವಕ್ಕಿಟ್ಟರೂ ನಿಜವಾಗಿ ಕೇಳಿಸಿಕೊಳ್ಳುವ ಆ ಕಿವಿ ಮನುಷ್ಯರದು. 1614ರ ರೋಮನ್ ವಿಧಿಗ್ರಂಥವೇ, ದೆವ್ವ ಹಿಡಿದಿದೆ ಎಂದು ಸುಲಭಕ್ಕೆ ನಂಬಬೇಡಿ ಎಂದು ಪಾದ್ರಿಗಳನ್ನು ಎಚ್ಚರಿಸಿತ್ತು. ಆದರೂ 1976ರಲ್ಲಿ ಜರ್ಮನಿಯ 23 ವರ್ಷದ ಹುಡುಗಿಯೊಬ್ಬಳು, ಅಪಸ್ಮಾರಕ್ಕೆ ಔಷಧಿ ತೆಗೆದುಕೊಂಡಿದ್ದವಳು, ಬಿಷಪ್ಪರ ಅನುಮತಿ ಪಡೆದೇ ನಡೆಸಿದ 67 ವಿಧಿಗಳ ಕೊನೆಗೆ ಹೊಟ್ಟೆಗಿಲ್ಲದೆ ಬಡಕಲಾಗಿ ಸತ್ತಳು. 1978ರಲ್ಲಿ ಆಕೆಯ ತಂದೆತಾಯಿ ಮತ್ತು ಇಬ್ಬರು ಪಾದ್ರಿಗಳು ತಪ್ಪಿತಸ್ಥರೆಂದು ತೀರ್ಪಾಯಿತು. ಅಷ್ಟೂ ಸಲ ಆಣೆಯಿಟ್ಟಿದ್ದು ದೆವ್ವಕ್ಕೆ. ಕೇಳಿಸಿಕೊಂಡವಳು ಆ ಹುಡುಗಿ.

ಅನುವಾದದಲ್ಲಿ ಉಚ್ಚಾಟನೆಯನ್ನು ಹೊಡೆದುಹಾಕಿ 'ಆಣೆಯಿಟ್ಟು ಬಿಡಿಸುವ ವಿಧಿ' ಎಂದು ಬರೆದಿದ್ದೇನೆ. ಉದ್ದವಾಯಿತು, ಗೊತ್ತು. ಇದಕ್ಕಿಂತ ಅಚ್ಚುಕಟ್ಟಾದ ಪದ ಯಾರಿಗಾದರೂ ಹೊಳೆದರೆ ದಯವಿಟ್ಟು ಹೇಳಿ.