ಹಾರ ಸಾಕು, ಮಕ್ಕಳ ವೈದ್ಯರಿಗೆ ಸಮಯ ಕೊಡಿ

ಇವತ್ತು ಬೆಳಿಗ್ಗೆ ಇನ್ನೊಂದು ಪ್ರಕಟಣೆ ಕಣ್ಣಿಗೆ ಬಿತ್ತು. ಯುವ ಮಕ್ಕಳ ವೈದ್ಯರಿಗೆ ಸಂಶೋಧನಾ ಪ್ರಶಸ್ತಿ: ಫಲಕ, ಪ್ರಮಾಣಪತ್ರ, ಒಂದಿಷ್ಟು ಹಣ. ಗೆದ್ದವರಿಗೆ ವಾರಕ್ಕೆ ಎಷ್ಟು ದಿನ ಡ್ಯೂಟಿಯಿಂದ ಬಿಡುಗಡೆ ಅಂತ ಹುಡುಕಿದೆ. ಒಂದು ಸಾಲೂ ಇಲ್ಲ. ಸಿಟ್ಟು ಬಂತು, ಅದಕ್ಕೇ ಈ ಬರಹ.

ಅಮೆರಿಕ ಸರ್ಕಾರದ ವೈದ್ಯಕೀಯ ಸಂಶೋಧನಾ ಸಂಸ್ಥೆ ಎನ್‌ಐಎಚ್ ಕೊಡೋ ಕೆ23 ಅನ್ನೋ ಅನುದಾನ ನೋಡಿ. ರೋಗಿಗಳ ಜೊತೆಗೇ ಅಧ್ಯಯನ ಮಾಡೋ ವೈದ್ಯರಿಗೆ ಅದು, 3ರಿಂದ 5 ವರ್ಷ. ಅದರ ಜೀವವೇ ಒಂದು ಷರತ್ತು: ಸಾಮಾನ್ಯವಾಗಿ ಕೆಲಸದ ಹೊತ್ತಿನಲ್ಲಿ ಕನಿಷ್ಠ 75%, ಅಂದರೆ ವರ್ಷಕ್ಕೆ 9 ತಿಂಗಳ ದುಡಿಮೆ, ಸಂಶೋಧನೆ ಮತ್ತು ಅದರ ತರಬೇತಿಗೇ ಮೀಸಲು. ಆ ಹೊತ್ತಿನ ಸಂಬಳಕ್ಕೆ ಒಂದು ಮಿತಿಯವರೆಗೆ ಅನುದಾನದಿಂದಲೇ ಹಣ. ಸಮಯ ಬಿಟ್ಟುಕೊಡ್ತೀವಿ ಅಂತ ಸಂಸ್ಥೆ ಅರ್ಜಿಯ ಜೊತೆಗೇ ಬರೆದುಕೊಡಬೇಕು. ಏನು ಅಧ್ಯಯನ ಅನ್ನೋದಕ್ಕಷ್ಟೇ ಅಲ್ಲ, ಅಭ್ಯರ್ಥಿ ಏನು ಕಲೀತಾರೆ, ಯಾರ ಹತ್ತಿರ ಕಲೀತಾರೆ ಅನ್ನೋದಕ್ಕೂ ಅಂಕ. ಎನ್‌ಐಎಚ್‌ನಲ್ಲಿ ಮಕ್ಕಳ ಆರೋಗ್ಯ ನೋಡಿಕೊಳ್ಳುವ ಎನ್‌ಐಸಿಎಚ್‌ಡಿ, ಕೆ12 ಅನ್ನೋ ಇನ್ನೊಂದು ಅನುದಾನದ ಮೂಲಕ ಮಕ್ಕಳ ವಿಭಾಗಗಳಿಗೇ ಹಣ ಕೊಟ್ಟು ಕಿರಿಯ ಅಧ್ಯಾಪಕರನ್ನು ಬೆಳೆಸಿದೆ.

ನಮ್ಮಲ್ಲಿ? ಮಕ್ಕಳ ವೈದ್ಯರಾಗೋಕೆ ಓದುವ ಎಂಡಿ (ಸ್ನಾತಕೋತ್ತರ ಪದವಿ) ಮೂರು ವರ್ಷ, ಅದರೊಳಗೇ ಥೀಸಿಸ್ ಅನ್ನೋ ಸಂಶೋಧನಾ ಪ್ರಬಂಧ. ಸೇರಿದ ಕೆಲವೇ ತಿಂಗಳಲ್ಲಿ ಅದರ ಸಿನಾಪ್ಸಿಸ್, ಅಂದರೆ ಅಧ್ಯಯನದ ರೂಪುರೇಷೆ, ಕೊಡಬೇಕು. ಆಗಿನ್ನೂ ಹಸುಗೂಸಿಗೆ ಐವಿ ಹಾಕೋದು ಕೈಗೆ ಹತ್ತಿರಲ್ಲ. ಆಮೇಲೆ ಸಂಶೋಧನೆಯ ನೈತಿಕತೆ ನೋಡೋ ಎಥಿಕ್ಸ್ ಕಮಿಟಿಯ ಅನುಮತಿ, ಮನೆಯವರ ಒಪ್ಪಿಗೆ ಪತ್ರ. 7 ವರ್ಷ ದಾಟಿದ ಮಗುವಿದ್ದರೆ ಅಪ್ಪ ಅಮ್ಮನ ಸಹಿ ಸಾಲದು, ಮಗುವಿಗೂ ತಿಳಿಸಿ ಕೇಳಬೇಕು; 12 ದಾಟಿದರೆ ಅದೂ ಬರಹದಲ್ಲಿ. ಗಾಬರಿಯಲ್ಲಿರೋ ತಾಯಿಗೆ ಅರ್ಥವಾಗೋ ಕನ್ನಡದಲ್ಲಿ ಇದನ್ನೆಲ್ಲ ನಿಧಾನವಾಗಿ ಹೇಳೋಕೆ ಸಮಯ ಬೇಕು. ನೈಟ್ ಡ್ಯೂಟಿಯ ನಡುವೆ ಅದು ಎಲ್ಲಿಂದ ಬರಬೇಕು?

ಸಮಯ ಇಲ್ಲದಿದ್ದರೆ ಏನಾಗುತ್ತೆ ಅಂತ ನೋಡಬೇಕಾದರೆ ಥೀಸಿಸ್‌ನ ಎಕ್ಸೆಲ್ ಹಾಳೆ ತೆರೆಯಿರಿ. ವಯಸ್ಸಿನ ಕಾಲಂನಲ್ಲಿ 1 ವರ್ಷ 10 ತಿಂಗಳಿಗೆ 1.10 ಅಂತ ಒತ್ತಿರ್ತಾರೆ. ಎಕ್ಸೆಲ್ ಕೊನೆಯ ಸೊನ್ನೆ ನುಂಗಿ 1.1 ಮಾಡುತ್ತೆ. ಓದೋರಿಗೆ ಅದು 1 ವರ್ಷ 1 ತಿಂಗಳು. ಆ ಗಂಡುಮಗುವಿನ ಉದ್ದ 77 ಸೆಂ.ಮೀ. ಅಂದುಕೊಳ್ಳಿ. ಡಬ್ಲ್ಯುಎಚ್‌ಒ (ವಿಶ್ವ ಆರೋಗ್ಯ ಸಂಸ್ಥೆ) ಬೆಳವಣಿಗೆ ಚಾರ್ಟಿನಲ್ಲಿ 13 ತಿಂಗಳಿಗೆ ಅದು ಹೆಚ್ಚುಕಡಿಮೆ ನಡುಗೆರೆ, ಏನೂ ತೊಂದರೆ ಇಲ್ಲ. 22 ತಿಂಗಳಿಗೆ ಅದೇ ಅಳತೆ ನಡುಗೆರೆಗಿಂತ ತುಂಬಾ ಕೆಳಗಿರೋ ಮೈನಸ್ 3ರ ಗೆರೆಯ ಆಸುಪಾಸು, ತೀವ್ರ ಕುಂಠಿತ ಬೆಳವಣಿಗೆ. ಒಂದು ಸೊನ್ನೆಗೆ ಒಂದು ಮಗು ಲೆಕ್ಕದಿಂದಲೇ ಮಾಯ. ಹುಟ್ಟಿದ ದಿನಾಂಕ, ಅಳೆದ ದಿನಾಂಕ ಎರಡನ್ನೂ ಬೇರೆ ಬೇರೆ ಕಾಲಂನಲ್ಲಿ ಬರೆದು ವಯಸ್ಸನ್ನು ಸೂತ್ರದಿಂದ ತೆಗೆದರೆ ಮುಗಿಯಿತು. ಆದರೆ ಪಕ್ಕದಲ್ಲಿ ಕೂತು ಮೊದಲ ಹತ್ತು ಸಾಲು ನೋಡಿ ಇದನ್ನು ಹೇಳಿಕೊಡೋರು ಬೇಕು. ಆ ಗೈಡ್‌ಗೂ ಒಪಿಡಿ, ರೌಂಡ್ಸ್, ಕ್ಲಾಸು. ಅವರಿಗೂ ಸಮಯ ಇಲ್ಲ.

"ಡಾಕ್ಟರು ಸಂಶೋಧನೆ ಅಂತ ಕೂತರೆ ವಾರ್ಡಿನ ಮಕ್ಕಳನ್ನು ನೋಡೋರು ಯಾರು?" ಅಂತಾರೆ. ಕಾಳಜಿ ನಿಜವಾದದ್ದು, ವಾದ ಮಾತ್ರ ನಿಲ್ಲಲ್ಲ. ಪ್ರಶಸ್ತಿಯ ಹಣದಲ್ಲೇ ಬದಲಿ ವೈದ್ಯರ ಸಂಬಳ ಸೇರಿಸಿ. ಅಲ್ಲದೆ ನಮ್ಮ ಮಕ್ಕಳಿಗೆ ಯಾವ ಔಷಧ, ಯಾವ ಡೋಸು ಅಂತ ಹೇಳೋ ಅಧ್ಯಯನ ನಾವೇ ಮಾಡದಿದ್ದರೆ ಬೇರೆಡೆಯ ಮಕ್ಕಳ ಮೇಲೆ ಸಿಕ್ಕ ಉತ್ತರವನ್ನೇ ಇಲ್ಲಿ ನಂಬಿ ಕೂರಬೇಕು. ಬಡ್ತಿಗೆ ಸಂಶೋಧನಾ ಪೇಪರ್ ಬೇಕು ಅಂತ ನಿಯಮ ಇದೆ, ಅದನ್ನು ಬರೆಯೋ ಹೊತ್ತಿಗೆ ನಿಯಮ ಇಲ್ಲ. ಹೀಗಾಗಿ ಅವಸರದ ಪೇಪರ್‌ಗಳು ಹುಟ್ಟುತ್ತವೆ. ನನಗೆ ನಿಜವಾಗಿ ನೋವಾಗೋದು ಇಲ್ಲಿ: ಒಳ್ಳೆ ಪ್ರಶ್ನೆ ಹಿಡಿದು ಬಂದ ಹುಡುಗ ಹುಡುಗಿಯರು ಎರಡನೇ ವರ್ಷಕ್ಕೇ ಸಂಶೋಧನೆ ಅಂದರೆ ಹಿಂಸೆ ಅಂದುಕೊಳ್ತಾರೆ.

ಮುಂದಿನ ಪ್ರಕಟಣೆಯಲ್ಲಿ ಮೂರು ಸಾಲು ಇರಲಿ. ವಾರಕ್ಕೆ ಇಷ್ಟು ದಿನ ಬಿಡುವು, ಬದಲಿಗೆ ಬರೋ ವೈದ್ಯರ ಸಂಬಳ ಇಂಥಲ್ಲಿಂದ, ವಿಭಾಗದ ಮುಖ್ಯಸ್ಥರ ಸಹಿ ಇಲ್ಲಿ. ಫಲಕದ ಹಣ ಅದಕ್ಕೇ ಹೋಗಲಿ.