ಧುಮುಕುವುದೊಂದೇ ಧೈರ್ಯವೇ?

ಹಿಂದುಮುಂದು ನೋಡದೆ ಹೊಸದಕ್ಕೆ ಧುಮುಕಬೇಕು, ಅಂಜುವವರು ನಿಂತಲ್ಲೇ ಉಳಿಯುತ್ತಾರೆ ಎಂದು ಧೈರ್ಯದ ಕುರಿತ ಲೇಖನವೊಂದರಲ್ಲಿ ಅದರ ಲೇಖಕರು ಬರೆದಿದ್ದಾರೆ. ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರಳಾದ ನನಗೆ ಇದು ಅರ್ಧ ಮಾತ್ರ ಒಪ್ಪಿಗೆ. ಅಡಿಕೆ ಸಸಿ ನೆಟ್ಟರೆ ಫಸಲು ಕಾಣಲು ಐದಾರು ವರ್ಷವಾದರೂ ಬೇಕು. ಇಲ್ಲಿ ಧುಮುಕಿ ಸೋತವರಿಗೆ ಮರುವರ್ಷ ಮತ್ತೆ ಧುಮುಕಲಾಗುವುದಿಲ್ಲ.

ಹಾಗೆಂದು ಮಲೆನಾಡಿನವರು ಹೊಸದನ್ನು ಒಲ್ಲೆ ಎಂದವರಲ್ಲ. ಮಳೆಗಾಲದಲ್ಲಿ ಅಡಿಕೆ ಕಾಯಿ ಕೊಳೆತು ಉದುರುವ ಕೊಳೆರೋಗಕ್ಕೆ ಹಿಂದೆ ಮರ ಹತ್ತಿ, ಮಳೆ ತಾಗದಂತೆ ಗೊನೆ ಗೊನೆಗೂ ಕೊಟ್ಟೆ (ಹೊದಿಕೆ) ಕಟ್ಟುತ್ತಿದ್ದರು. ಕಳೆದ ಶತಮಾನದ ಆರಂಭದಲ್ಲಿ ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣದ ಸಿಂಪಡಣೆಯನ್ನು ಬಳಕೆಗೆ ತಂದರು. ಮೈಲುತುತ್ತವನ್ನು ಬಾಯಿಗೆ ಹಾಕುವ ಅಡಿಕೆಗೆ ಹೊಡೆಯುವುದೇ ಎಂದು ಅಂದಿನ ಹಿರಿಯರು ಅಳುಕಿದ್ದರೆ ಆಶ್ಚರ್ಯವೇನಿಲ್ಲ. ಇಂದು ಒಂದು ಕಿಲೋ ತುತ್ತ, ಒಂದು ಕಿಲೋ ಸುಣ್ಣ, 100 ಲೀಟರ್ ನೀರು ಎಂಬ ಲೆಕ್ಕ ನಮ್ಮಲ್ಲಿ ಮಕ್ಕಳಿಗೂ ಬಾಯಿಪಾಠ. ಪಕ್ಕದ ತೋಟದಲ್ಲಿ ಗೊನೆ ಉಳಿದದ್ದನ್ನು ಕಂಡರೆ ಹುಟ್ಟುವ ಧೈರ್ಯ ಯಾವ ಭಾಷಣದಿಂದಲೂ ಹುಟ್ಟುವುದಿಲ್ಲ.

ಇನ್ನೊಂದು ಅಂಜಿಕೆಯನ್ನು ಲೇಖನ ಮುಟ್ಟಿಯೇ ಇಲ್ಲ: ನಾಲ್ಕು ಜನ ನಕ್ಕರೆ? ನೆಲದಲ್ಲೇ ನಿಂತು ಫೈಬರ್ ದೋಟಿಯಲ್ಲಿ (ಕೊಯ್ಯುವ ಉದ್ದ ಕೋಲಿನಲ್ಲಿ) ಅಡಿಕೆ ಗೊನೆ ಕೊಯ್ಯುವುದನ್ನು ನಮ್ಮೂರಿನ ಹೆಂಗಸರೊಬ್ಬರು ಕಲಿತದ್ದು ಯಾರ ಕಣ್ಣಿಗೂ ಬೀಳದ ತೋಟದ ಮೂಲೆಯಲ್ಲಿ. ಈಗ ಮರ ಹತ್ತಿ ಗೊನೆ ಕೊಯ್ಯುವ ಕೊನೆಗಾರರು ಸಿಗದ ಮನೆಯವರೆಲ್ಲ ಅವರನ್ನೇ ಕರೆಯುತ್ತಾರೆ.

ಲೇಖಕರು ಮುಂದಿನ ಬಾರಿ ಧುಮುಕುವವರ ಬದಲು, ನಾಲ್ಕು ಮರಕ್ಕೆ ಮಾಡಿ ನೋಡಿ ಆಮೇಲೆ ತೋಟಕ್ಕೆಲ್ಲ ಮಾಡುವವರ ಬಗ್ಗೆ ಬರೆಯಲಿ.